ರೋಗ ತರುವ ಬ್ಯಾಕ್ಟೀರಿಯಾದ ಪ್ರೋಟೀನನ್ನೇ ಬೆಳೆಗೆ ಹೊಡೆಯಬೇಕಂತೆ, ನಿಜವಾ ಇಲ್ಲ ಟೋಪಿಯಾ?

ಎಡದಂಡೆ_ಗದ್ದೆ
ಎಲ್ಲರಿಗೂ ನಮಸ್ಕಾರ. ಗಂಗಾವತಿ ಕಡೆಯವನು, ನಾಲ್ಕು ಎಕರೆ ಭತ್ತ ಇದೆ, ಬಿಪಿಟಿ ತಳಿ. ನಾಟಿ ಮಾಡಿ ಐವತ್ತು ದಿನ ಆಯಿತು. ಹೋದ ವಾರ ಮಳೆ ಗಾಳಿ ಜೋರಾಗಿ ಹೊಡೆಯಿತು. ಆಮೇಲೆ ಎಲೆಯ ತುದಿಯಿಂದ ಶುರುವಾಗಿ ಅಂಚಿನ ಉದ್ದಕ್ಕೂ ಹಳದಿ ಪಟ್ಟಿ ಬರುತ್ತಿದೆ, ಎರಡು ಮೂರು ದಿನಕ್ಕೆ ಒಣಗಿ ಹುಲ್ಲಿನ ಬಣ್ಣ ಆಗುತ್ತಿದೆ.

ಎಲೆ ಕಿತ್ತುಕೊಂಡು ಗೊಬ್ಬರದ ಅಂಗಡಿಗೆ ಹೋದೆ. ನೋಡಿದ ಕೂಡಲೇ "ದುಂಡಾಣು ಅಂಗಮಾರಿ" ಅಂದರು, ಅದು ಸರಿ ಇರಬಹುದು. ಆದರೆ ಕೊಟ್ಟ ಎಣ್ಣೆ ಮಾತ್ರ ವಿಚಿತ್ರ. ಅದು ವಿಷ ಅಲ್ಲವಂತೆ, ಬ್ಯಾಕ್ಟೀರಿಯಾದಿಂದ ತೆಗೆದ ಪ್ರೋಟೀನ್ ಅಂತೆ, ಹೆಸರು ಹಾರ್ಪಿನ್ ಅಂತೆ. ಹೊಡೆದರೆ ರೋಗವೂ ಹೋಗುತ್ತೆ, ಬರ ಬಂದರೂ ಬೆಳೆ ತಡೆದುಕೊಳ್ಳುತ್ತೆ ಅಂದರು. ಬಾಟಲಿ ಮೇಲೆ ನೋಡಿದರೆ "ಜೈವಿಕ ಪ್ರೋಟೀನ್" ಅಂತಷ್ಟೇ ಇದೆ, ಎಷ್ಟು ಇದೆ ಏನು ಅಂತ ಒಂದಕ್ಷರ ಇಲ್ಲ. ಉದ್ರಿ ಕೊಟ್ಟಿದ್ದಾರೆ ಅಂತ ತಂದಿದ್ದೇನೆ, ಇನ್ನೂ ಒಡೆದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ದುಂಡಾಣು ಅಂದರೆ ಬ್ಯಾಕ್ಟೀರಿಯಾ, ರೋಗ ಬರುವುದೇ ಅದರಿಂದ. ಅದರದ್ದೇ ಪ್ರೋಟೀನ್ ಹೊಡೆದರೆ ರೋಗ ಹೇಗೆ ಹೋಗುತ್ತೆ?

ಬದುವಿನ_ಬೇವು
ಪ್ರೋಟೀನ್ ಬೇಕಾದರೆ ಬೇಳೆ ಕಟ್ಟು ಹೊಡಿ ಅಣ್ಣ, ಕಮ್ಮಿ ಖರ್ಚು 😄

ಸಿಂಧನೂರು_ಶಿವು
ಟೋಪಿ. ನಮ್ಮ ಕಡೆಯೂ ಬಂದಿದ್ದರು. ಒಂದು ವರ್ಷ ಹ್ಯೂಮಿಕ್, ಒಂದು ವರ್ಷ ಅಮೈನೋ, ಈ ವರ್ಷ ಪ್ರೋಟೀನ್. ಬಾಟಲಿ ಅದೇ, ಲೇಬಲ್ ಬೇರೆ.

ಲ್ಯಾಬ್_ಕೋಟು
ಶಿವು ಅಣ್ಣ, ಆ ಬಾಟಲಿಯಲ್ಲಿ ಏನಿದೆಯೋ ನನಗೂ ಗೊತ್ತಿಲ್ಲ. ಆದರೆ ಹಾರ್ಪಿನ್ ಅನ್ನೋದು ಟೋಪಿ ಅಲ್ಲ. ನಾನು ಸಸ್ಯರೋಗ ಶಾಸ್ತ್ರ ಓದುತ್ತಿದ್ದೇನೆ, ಇದು ನಮಗೆ ಪಾಠದಲ್ಲೇ ಇದೆ.

ಅಮೆರಿಕದಲ್ಲಿ ಸೇಬು, ಪೇರು ಮರಕ್ಕೆ ಒಂದು ರೋಗ ಬರುತ್ತೆ, ಕೊಂಬೆ ಬೆಂಕಿಯಲ್ಲಿ ಸುಟ್ಟ ಹಾಗೆ ಕರ್ರಗಾಗುತ್ತೆ. ಅದನ್ನು ತರುವ ಬ್ಯಾಕ್ಟೀರಿಯಾ ಎರ್ವಿನಿಯಾ ಅಮೈಲೊವೊರಾ. ಕಾರ್ನೆಲ್ ವಿಶ್ವವಿದ್ಯಾಲಯದವರು 1992ರಲ್ಲಿ ಅದರಿಂದ ಒಂದು ಪ್ರೋಟೀನ್ ಬೇರ್ಪಡಿಸಿದರು. ಬ್ಯಾಕ್ಟೀರಿಯಾ ಇಲ್ಲವೇ ಇಲ್ಲ, ಬರೀ ಪ್ರೋಟೀನ್. ಅದನ್ನು ತಂಬಾಕಿನ ಎಲೆಯೊಳಗೆ ಸಿರಿಂಜಿನಿಂದ ತುಂಬಿದರೆ ಅಷ್ಟು ಜಾಗ ಒಂದು ದಿನದೊಳಗೆ ಸತ್ತು ಕಾಗದದ ಹಾಗೆ ಒಣಗಿತು. ಅದೇ ಹಾರ್ಪಿನ್. ಮಜಾ ಏನಂದರೆ ಈ ಪ್ರೋಟೀನ್ ಕುದಿಸಿದರೂ ಕೆಡುವುದಿಲ್ಲ. ಮೊಟ್ಟೆಯ ಬಿಳಿ ಕುದಿಸಿದರೆ ಗಟ್ಟಿಯಾಗುತ್ತಲ್ಲ, ಇದು ಹಾಗೆ ಆಗುವುದಿಲ್ಲ. ಬೇರೆ ಪ್ರೋಟೀನುಗಳಿಂದ ಇದನ್ನು ಬಿಡಿಸಿಕೊಳ್ಳುವುದಕ್ಕೆ ಅದೇ ಗುಣ ಉಪಯೋಗಕ್ಕೆ ಬಂತು.

ಈಗ ಮುಖ್ಯ ವಿಷಯ. ಆ ಎಲೆಯ ಜಾಗ ಸತ್ತಿದ್ದು ಪ್ರೋಟೀನ್ ವಿಷ ಅಂತ ಅಲ್ಲ. ಗಿಡವೇ ಆ ಜಾಗದ ಜೀವಕೋಶಗಳನ್ನು ಸಾಯಿಸಿಕೊಂಡಿದ್ದು. "ಕಳ್ಳ ಒಳಗೆ ಬಂದ" ಅಂತ ಗೊತ್ತಾದ ತಕ್ಷಣ ಅವನ ಸುತ್ತಲಿನ ಕೋಶಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆ. ಇಂಥ ಎಷ್ಟೋ ಬ್ಯಾಕ್ಟೀರಿಯಾಗೆ ಬದುಕಿರುವ ಕೋಶದ ರಸ ಬೇಕು. ಸುತ್ತ ಎಲ್ಲ ಸತ್ತು ಒಣಗಿದರೆ ಅದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.

ಕೊಪ್ಪಳ_ಅಜ್ಜ
ಲ್ಯಾಬ್ ಕೋಟು, ವಿಷಯ ಚೆನ್ನಾಗಿ ಹೇಳಿದೆಯಪ್ಪ. ಆದರೆ ಒಂದು ಮಾತು. ಇದು ರೈತರು ಓದುವ ಜಾಗ. ಆ "ಆತ್ಮಹತ್ಯೆ" ಅನ್ನೋ ಪದ ಬೇಡ. ನಮ್ಮ ಓಣಿಯಲ್ಲೇ ಎರಡು ಮನೆ ಹೀಗಾಗಿವೆ.

ಲ್ಯಾಬ್_ಕೋಟು
ತಪ್ಪಾಯಿತು ಅಜ್ಜ. ಪುಸ್ತಕದಲ್ಲಿ ಹಾಗೆ ಓದಿ ಓದಿ ರೂಢಿಯಾಗಿಬಿಟ್ಟಿದೆ. ಇನ್ನು ಮೇಲೆ ಬರೆಯುವುದಿಲ್ಲ.

ಸೀತಾಳೆ
ನನಗೆ ಅದು ಬೆಂಕಿ ರೇಖೆ ಹಾಗೆ ಅನ್ನಿಸಿತು. ಬಂಡೀಪುರದಲ್ಲಿ ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರೇ ಒಂದು ಪಟ್ಟಿ ಉದ್ದಕ್ಕೂ ಹುಲ್ಲು ಸುಟ್ಟು ಬೋಳು ಮಾಡಿಡುತ್ತಾರಲ್ಲ. ಕಾಡ್ಗಿಚ್ಚು ಅಲ್ಲಿಗೆ ಬಂದು ನಿಲ್ಲಲಿ ಅಂತ. ಗಿಡ ಮಾಡುವುದೂ ಅದೇ, ಬೆಂಕಿ ಬಿದ್ದ ಮೇಲೆ ಗಡಿಬಿಡಿಯಲ್ಲಿ ಮಾಡುತ್ತೆ ಅಷ್ಟೇ.

ಲ್ಯಾಬ್_ಕೋಟು
ಸೀತಾಳೆ ಅಕ್ಕ, ಇದಕ್ಕಿಂತ ಚೆನ್ನಾಗಿ ನಮ್ಮ ಮೇಷ್ಟ್ರೂ ಹೇಳಿರಲಿಲ್ಲ.

ಎಡದಂಡೆ_ಗದ್ದೆ
ಸರಿ, ಹಾಗಾದರೆ ನನ್ನ ಗದ್ದೆಯಲ್ಲಿ ಎಲೆ ಒಣಗುತ್ತಿರುವುದೂ ಗಿಡ ತಾನೇ ಮಾಡಿಕೊಳ್ಳುತ್ತಿರುವುದಾ? ಹಾಗಾದರೆ ಒಳ್ಳೆಯದೇ ಆಯಿತಲ್ಲ?

ಲ್ಯಾಬ್_ಕೋಟು
ಇಲ್ಲ ಅಣ್ಣ, ಇಲ್ಲೇ ಎಲ್ಲರೂ ಎಡವುವುದು. ಗಿಡ ಮಾಡುವ ಬೆಂಕಿ ರೇಖೆ ಸಣ್ಣದು. ಎಷ್ಟೋ ಸಲ ಕಣ್ಣಿಗೂ ಕಾಣದ ಚುಕ್ಕೆ, ಒಂದು ದಿನದೊಳಗೆ ಮುಗಿದುಹೋಗುತ್ತೆ, ಮುಂದಕ್ಕೆ ಹರಡುವುದಿಲ್ಲ. ನಿಮ್ಮದು ದಿನಾ ಉದ್ದ ಬೆಳೆಯುತ್ತಿರುವ ಪಟ್ಟಿ. ಅಂದರೆ ಗಿಡಕ್ಕೆ ಕಳ್ಳ ಬಂದಿದ್ದು ಸಮಯಕ್ಕೆ ಗೊತ್ತಾಗಲಿಲ್ಲ. ಬ್ಯಾಕ್ಟೀರಿಯಾ ನೀರು ಹರಿಯುವ ನಾಳದೊಳಗೆ ಇಳಿದು ಆರಾಮವಾಗಿ ಬೆಳೆಯುತ್ತಿದೆ. ಅದು ಸೋಲು, ಗೆಲುವಲ್ಲ.

ತುಮಕೂರು_ಮೇಷ್ಟ್ರು
ಸ್ವಲ್ಪ ಇತಿಹಾಸ ಸೇರಿಸುತ್ತೇನೆ. ನಿವೃತ್ತ ಜೀವಶಾಸ್ತ್ರದ ಮೇಷ್ಟ್ರು, ಬೇರೆ ಕೆಲಸ ಇಲ್ಲ.

ಗಿಡ ತನ್ನ ಕೋಶ ತಾನೇ ಸಾಯಿಸಿಕೊಳ್ಳುವ ಈ ಗುಣಕ್ಕೆ ಹೆಸರಿಟ್ಟವರು ಸ್ಟಾಕ್‌ಮನ್, 1915ರಲ್ಲಿ, ಗೋಧಿಯ ತುಕ್ಕು ರೋಗ ನೋಡುತ್ತಾ. ರೋಗಕ್ಕೆ ಬಗ್ಗದ ಗೋಧಿ ಗಟ್ಟಿಮುಟ್ಟಾಗಿ ಇರಬೇಕು ಅಂದುಕೊಂಡರೆ ಅದರ ಕೋಶಗಳೇ ಬೇಗ ಸಾಯುತ್ತಿದ್ದವು. ಅತಿ ಸೂಕ್ಷ್ಮ, ಮುಟ್ಟಿದರೆ ಮುನಿಯ ತರಹ. ಆಮೇಲೆ ಹಂಗೇರಿಯ ಕ್ಲೆಮೆಂಟ್ 1963ರಲ್ಲಿ ಬ್ಯಾಕ್ಟೀರಿಯಾವನ್ನು ತಂಬಾಕಿನ ಎಲೆಗೆ ಚುಚ್ಚಿ ಇದೇ ಸಾವನ್ನು ತೋರಿಸಿದರು. ಇಂದಿಗೂ ಒಂದು ಬ್ಯಾಕ್ಟೀರಿಯಾ ಗಿಡಕ್ಕೆ ರೋಗ ತರುವಂಥದ್ದೋ ಸುಮ್ನೆ ಅಲ್ಲಿ ಕೂತಿದ್ದೋ ಅಂತ ನೋಡಲು ತಂಬಾಕಿನ ಎಲೆಗೆ ಚುಚ್ಚುತ್ತಾರೆ.

1986ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಬ್ಯಾಕ್ಟೀರಿಯಾದ ಒಂದು ಗುಂಪು ಜೀನ್ ಕೆಡಿಸಿದರೆ ಅದು ತನ್ನ ಗಿಡಕ್ಕೆ ರೋಗ ತರುವುದಿಲ್ಲ, ತಂಬಾಕಿನಲ್ಲಿ ಕೋಶ ಸಾಯಿಸುವುದೂ ಇಲ್ಲ. ಎರಡೂ ಒಟ್ಟಿಗೆ ಹೋದವು! ಆ ಗುಂಪಿಗೆ ಎಚ್‌ಆರ್‌ಪಿ ಅಂತ ಹೆಸರು, ಹಾರ್ಪಿನ್ ಪದ ಬಂದಿದ್ದೂ ಅಲ್ಲಿಂದಲೇ. ಈ ಜೀನುಗಳಲ್ಲಿ ಜಾಸ್ತಿ ಪಾಲು ಒಂದು ಸೂಜಿಯ ಭಾಗಗಳು. ನಿಜವಾದ ಸೂಜಿ! ಬ್ಯಾಕ್ಟೀರಿಯಾ ಅದರಿಂದ ತನ್ನ ಪ್ರೋಟೀನುಗಳನ್ನು ಗಿಡದ ಕೋಶದೊಳಗೆ ಚುಚ್ಚುತ್ತೆ.

ಬದುವಿನ_ಬೇವು
ಮೇಷ್ಟ್ರೇ, ಬ್ಯಾಕ್ಟೀರಿಯಾಗೂ ಸೂಜಿ, ನಿಮಗೂ ಸೂಜಿ. ಗಿಡದ ಗತಿ ಏನು

ಅಂಜಲಿ_ಪಿಯುಸಿ
ಇದು ಲಸಿಕೆ ತರಹ ಅಲ್ವಾ ಹಾಗಾದರೆ? ಸತ್ತ ರೋಗಾಣು ಕೊಟ್ಟು ದೇಹಕ್ಕೆ ಅಭ್ಯಾಸ ಮಾಡಿಸುವುದು?

ಲ್ಯಾಬ್_ಕೋಟು
ಹತ್ತಿರ ಹತ್ತಿರ, ಆದರೆ ಅದೇ ಅಲ್ಲ ಅಂಜಲಿ. ನಮ್ಮ ರಕ್ತದಲ್ಲಿ ಓಡಾಡುವ ಬಿಳಿ ಕಣ ಇವೆ, ಪ್ರತಿಕಾಯ ಇವೆ. ಗಿಡಕ್ಕೆ ಅವು ಯಾವುದೂ ಇಲ್ಲ. ಪ್ರತಿ ಕೋಶವೂ ತಾನೇ ಕಾವಲು ಕಾಯಬೇಕು. ಲಸಿಕೆ ಒಂದೊಂದು ರೋಗಕ್ಕೆ ಒಂದೊಂದು. ಹಾರ್ಪಿನ್‌ನಿಂದ ಬರುವ ಎಚ್ಚರ ಹಾಗಲ್ಲ, ಊರಿಗೆಲ್ಲ ಡಂಗುರ ಸಾರಿದ ಹಾಗೆ. ಕೆಲವು ವಾರ ಇರುತ್ತೆ, ಆಮೇಲೆ ಇಳಿಯುತ್ತೆ.

ಎಲೆಯ ಮೇಲೆ ತೆಳುವಾಗಿ ಸಿಂಪಡಿಸಿದರೆ ಎಲೆ ಸಾಯುವುದಿಲ್ಲ, ಅದೂ ಗೊತ್ತಿರಲಿ. ಒಳಗೆ ಜಾಸ್ತಿ ತುಂಬಿದರೆ ಮಾತ್ರ ಸಾಯುತ್ತೆ. ಹೊರಗಿನಿಂದ ಹೊಡೆದಾಗ ಬರೀ ಡಂಗುರ.

ಸೀತಾಳೆ
ಡಂಗುರ ಯಾರು ಸಾರುತ್ತಾರೆ? ಒಂದು ಎಲೆಗೆ ಆಗಿದ್ದು ಇನ್ನೊಂದಕ್ಕೆ ಹೇಗೆ ಗೊತ್ತಾಗುತ್ತೆ?

ತುಮಕೂರು_ಮೇಷ್ಟ್ರು
ಒಳ್ಳೆ ಪ್ರಶ್ನೆ. ಫ್ರಾಂಕ್ ರಾಸ್ ಅಂತ ಒಬ್ಬರು 1961ರಲ್ಲಿ ತಂಬಾಕಿನ ಕೆಳಗಿನ ಎಲೆಗಳಿಗೆ ವೈರಸ್ ಹಚ್ಚಿದರು. ಆ ಎಲೆಗಳಲ್ಲಿ ಸಣ್ಣ ಸಣ್ಣ ಸತ್ತ ಚುಕ್ಕೆ ಬಂದವು. ಕೆಲವು ದಿನ ಬಿಟ್ಟು ಮೇಲಿನ ಎಲೆಗಳಿಗೆ ಹಚ್ಚಿದರೆ ಅಲ್ಲಿ ಚುಕ್ಕೆ ಕಮ್ಮಿ, ಗಾತ್ರವೂ ಸಣ್ಣದು. ಸುದ್ದಿ ಮೇಲಕ್ಕೆ ಹೋಗಿತ್ತು!

ಈ ಸುದ್ದಿಯಲ್ಲಿ ಸ್ಯಾಲಿಸಿಲಿಕ್ ಆಮ್ಲದ ಪಾತ್ರ ದೊಡ್ಡದು, ಆಸ್ಪಿರಿನ್ ಮಾತ್ರೆಯ ಅಣ್ಣತಮ್ಮ. ಅದರ ಇನ್ನೊಂದು ರೂಪ ಗಾಳಿಯಲ್ಲಿ ಆವಿಯಾಗುತ್ತೆ. ಅದರ ವಾಸನೆ ನಿಮಗೆಲ್ಲ ಗೊತ್ತು, ಮಂಡಿನೋವಿಗೆ ಹಚ್ಚುವ ಮುಲಾಮಿನ ವಾಸನೆ. ರೋಗ ತಗುಲಿದ ತಂಬಾಕು ಅದನ್ನು ಗಾಳಿಗೂ ಬಿಡುತ್ತೆ. ನಮ್ಮ ಮನೆಯಲ್ಲಿ ಆ ವಾಸನೆ ಬಂದರೆ ಮೊಮ್ಮಕ್ಕಳು ಓಡಿಹೋಗುತ್ತವೆ, ಗಿಡಗಳು ಎಚ್ಚರ ಆಗುತ್ತವೆ.

ಬಿಳಿಜೋಳ
ಇದೆಲ್ಲ ಸರಿ. ಕೊನೆಗೆ ಇದು ಬಿಟಿ ಹತ್ತಿ ಕಥೆಯೇ ಅಲ್ವಾ? ಅದೂ ಬ್ಯಾಕ್ಟೀರಿಯಾದ ಪ್ರೋಟೀನ್. 2002ರಲ್ಲಿ ಬಂದಾಗ ಏನೆಲ್ಲ ಹೇಳಿದರು, ಈಗ ನಮ್ಮ ಹೊಲದಲ್ಲಿ ಗುಲಾಬಿ ಕಾಯಿಕೊರಕ ಕುಣಿಯುತ್ತಿದೆ. ಬ್ಯಾಕ್ಟೀರಿಯಾ, ಪ್ರೋಟೀನ್ ಅಂದ ಕೂಡಲೇ ನನಗೆ ಹೆದರಿಕೆ.

ಸಿಂಧನೂರು_ಶಿವು
+1

ಲ್ಯಾಬ್_ಕೋಟು
ಬಿಳಿಜೋಳ ಅಣ್ಣ, ಎರಡೂ ಬೇರೆ. ಬಿಟಿ ಪ್ರೋಟೀನ್ ಹುಳದ ಕರುಳಿನ ಕೋಶಕ್ಕೆ ತೂತು ಮಾಡಿ ಹುಳವನ್ನು ಸಾಯಿಸುತ್ತೆ, ಗಿಡಕ್ಕೆ ಅದರ ಗೊಡವೆ ಇಲ್ಲ. ಹಾರ್ಪಿನ್ ಯಾರನ್ನೂ ಸಾಯಿಸುವುದಿಲ್ಲ, ಗಿಡಕ್ಕೆ ಸುದ್ದಿ ಮುಟ್ಟಿಸುತ್ತೆ. ಇನ್ನೊಂದು, ಇದು ಹೊರಗಿನಿಂದ ಸಿಂಪಡಿಸುವುದು, ಬೀಜದೊಳಗೆ ಸೇರಿಸಿಲ್ಲ. ಹುಳ ಬಿಟಿಗೆ ಒಗ್ಗಿಕೊಂಡ ಕಥೆ ಬೇರೆ ಚರ್ಚೆ ಮಾಡೋಣ, ಅದರಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಬಿಳಿಜೋಳ
ಬೇರೆ ಚರ್ಚೆ ಅಂತ ಹೇಳಿ ಎಲ್ಲರೂ ಜಾರಿಕೊಳ್ಳುತ್ತಾರೆ. ಇರಲಿ.

ನೆಬ್ರಾಸ್ಕಾ_ಕನ್ನಡಿಗ
ಇಲ್ಲಿ ನಾನಿರುವ ಕಡೆ ಸುತ್ತ ಮೆಕ್ಕೆಜೋಳವೇ. ಬರ ತಡೆಯುವ ಒಂದು ಜೋಳದ ತಳಿ ಇದೆ, ಅದರಲ್ಲೂ ಬ್ಯಾಕ್ಟೀರಿಯಾದ ಪ್ರೋಟೀನ್. ಬ್ಯಾಸಿಲಸ್ ಸಬ್ಟಿಲಿಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾಗೆ ಚಳಿ ಹೊಡೆದಾಗ ಒಳಗಿನ ಆರ್‌ಎನ್‌ಎ ಎಳೆಗಳು ಗಂಟುಬೀಳುತ್ತವೆ. ಆಗ ಸಿಎಸ್‌ಪಿಬಿ ಅನ್ನುವ ಪ್ರೋಟೀನ್ ಬಂದು ಗಂಟು ಬಿಡಿಸುತ್ತೆ. ಚಳಿಗೆ ಅಂತ ಇದ್ದ ಅದನ್ನು ಜೋಳಕ್ಕೆ ಹಾಕಿದರೆ ನೀರಿನ ಕೊರತೆಯಲ್ಲಿ ಇಳುವರಿ ಬೀಳುವುದು ಸ್ವಲ್ಪ ಕಮ್ಮಿಯಾಯಿತು. 2011ರ ಕೊನೆಗೆ ಇಲ್ಲಿನ ಕೃಷಿ ಇಲಾಖೆ ಒಪ್ಪಿಗೆ ಕೊಟ್ಟಿತು. ಪವಾಡ ಏನಲ್ಲ. ಬರ ಜೋರಾದರೆ ಯಾವ ಪ್ರೋಟೀನೂ ನೀರಾಗುವುದಿಲ್ಲ.

ಹಾರ್ಪಿನ್ ಇಲ್ಲಿ 2000ದಿಂದಲೇ ಮಾರುಕಟ್ಟೆಯಲ್ಲಿದೆ. ಪರಿಸರ ಇಲಾಖೆ ಅನುಮತಿ ಕೊಟ್ಟಿತು, ಮರುವರ್ಷವೇ ತಯಾರಿಸಿದ ಕಂಪನಿಗೆ ಹಸಿರು ರಸಾಯನಶಾಸ್ತ್ರಕ್ಕೆ ಕೊಡುವ ಸರ್ಕಾರಿ ಪ್ರಶಸ್ತಿ ಬಂತು. ಆದರೆ ರೈತರು ಮುಗಿಬೀಳಲಿಲ್ಲ. ಒಬ್ಬರ ಹೊಲದಲ್ಲಿ ಚೆನ್ನಾಗಿ ಬಂದರೆ ಪಕ್ಕದವರ ಹೊಲದಲ್ಲಿ ಏನೂ ಇಲ್ಲ. 2007ರಲ್ಲಿ ಆ ಕಂಪನಿ ಹಾರ್ಪಿನ್ ವ್ಯವಹಾರವನ್ನೇ ಬೇರೆಯವರಿಗೆ ಮಾರಿತು.

ಎಡದಂಡೆ_ಗದ್ದೆ
ಅಂದರೆ ಬರ ತಡೆಯುತ್ತೆ ಅಂತ ಅಂಗಡಿಯವರು ಹೇಳಿದ್ದು ಈ ಜೋಳದ ಕಥೆ ಕೇಳಿ ಹೇಳಿದ್ದಾ?

ಲ್ಯಾಬ್_ಕೋಟು
ಪೂರ್ತಿ ಸುಳ್ಳೂ ಅಲ್ಲ ಅಣ್ಣ. ಹಾರ್ಪಿನ್ ಹೊಡೆದ ಗಿಡ ಬರ ಸ್ವಲ್ಪ ಜಾಸ್ತಿ ತಡೆಯುತ್ತೆ ಅಂತ ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಅರಬಿಡಾಪ್ಸಿಸ್ ಅಂತ ಸಾಸಿವೆಯ ನೆಂಟ ಒಂದು ಪುಟ್ಟ ಗಿಡ ಇದೆ, ಅದರಲ್ಲಿ. ಬರ ಬಂದಾಗ ಎಲೆಯ ಬಾಯಿ ಮುಚ್ಚಿಸುವ ಹಾರ್ಮೋನಿನ ದಾರಿಯನ್ನು ಇದೂ ತಟ್ಟುತ್ತೆ. ಕುಂಡದಲ್ಲಿರುವ ಗಿಡಕ್ಕೂ ನಿಮ್ಮ ನಾಲ್ಕು ಎಕರೆಗೂ ಅಜಗಜಾಂತರ. ಅದೂ ಅಲ್ಲದೆ ಕಾಲುವೆ ನೀರಿನಲ್ಲಿ ನಿಂತ ಭತ್ತಕ್ಕೆ ಬರದ ಔಷಧಿ ಯಾಕೆ?

ಸಿಂಧನೂರು_ಶಿವು
ಹ್ಹ ಹ್ಹ. ಕೊನೆ ಭಾಗದ ಕಾಲುವೆಗೆ ಬಂದು ನೋಡು ತಮ್ಮ, ನೀರು ಎಲ್ಲಿ ನಿಂತಿದೆ ಅಂತ.

ಲ್ಯಾಬ್_ಕೋಟು
😬 ಸರಿ, ವಾಪಸ್ ತಗೊಂಡೆ.

ಕೊಪ್ಪಳ_ಅಜ್ಜ
ಎಡದಂಡೆ ತಮ್ಮ, ಮೊದಲು ರೋಗ ಅದೇ ಹೌದೋ ಅಲ್ಲವೋ ನೋಡು. ಅಂಗಡಿಯವರು ಎಲೆ ನೋಡಿ ಹೇಳಿದ್ದಕ್ಕೆ ದುಡ್ಡು ಹಾಕಬೇಡ. ಬೆಳಿಗ್ಗೆ ಹಳದಿ ಶುರುವಾದ ಎಲೆ ಕಿತ್ತು, ಹಸಿರೂ ಹಳದಿಯೂ ಸೇರುವ ಜಾಗದಲ್ಲಿ ಕತ್ತರಿಯಿಂದ ಕತ್ತರಿಸು. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ಕಡೆ ನೀರಿನಲ್ಲಿ ಇರುವ ಹಾಗೆ ನಿಲ್ಲಿಸು. ಬೆಳಕಿಗೆ ಹಿಡಿದು ಐದು ಹತ್ತು ನಿಮಿಷ ನೋಡು. ಹಾಲಿನ ಎಳೆ ತರಹ ಇಳಿದರೆ ದುಂಡಾಣುವೇ. ಏನೂ ಇಳಿಯದಿದ್ದರೆ ಬೇರೆ ಏನೋ, ಪೊಟ್ಯಾಶ್ ಕೊರತೆಯಲ್ಲೂ ಅಂಚು ಹೀಗೇ ಒಣಗುತ್ತೆ.

ಮತ್ತೆ ಯೂರಿಯಾ ಎಷ್ಟು ಹಾಕಿದ್ದೀಯ ನಿಜ ಹೇಳು.

ಎಡದಂಡೆ_ಗದ್ದೆ
ಅಜ್ಜ, ಅದು ಕೇಳಬಾರದಿತ್ತು. ಪಕ್ಕದ ಗದ್ದೆ ಕಡುಹಸಿರು ಇತ್ತು ಅಂತ ನಾನೂ ಒಂದು ಚೀಲ ಜಾಸ್ತಿ ಹಾಕಿದೆ.

ಕೊಪ್ಪಳ_ಅಜ್ಜ
ಗೊತ್ತಿತ್ತು.

ಬೆಂಚ್_ಮೇಲಿನ_ಭೂತ
ಎಲ್ಲರೂ "ಗಿಡ ಸಾಯಿಸಿಕೊಂಡು ಗೆಲ್ಲುತ್ತೆ" ಅನ್ನುತ್ತಿದ್ದೀರಿ. ಬ್ಯಾಕ್ಟೀರಿಯಾ ಸುಮ್ನೆ ಕೂರುತ್ತಾ? ಬೆಂಗಳೂರಿನಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ನನ್ನ ವಿಷಯ ಬೇರೆ, ಆದರೂ ಈ ಕಥೆ ಹೇಳದೆ ಇರಲಾರೆ.

ಟೊಮೆಟೊಗೆ ಕಪ್ಪು ಚುಕ್ಕೆ ತರುವ ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಇದೆ. ಅದು ಚುಚ್ಚುವ ಪ್ರೋಟೀನುಗಳಲ್ಲಿ ಒಂದರ ಹೆಸರು ಏವಿಆರ್‌ಪಿಟಿಒಬಿ. ಅದರ ಕೆಲಸವೇ ಕೋಶ ಸಾಯದಂತೆ ತಡೆಯುವುದು. ಬೆಂಕಿ ರೇಖೆ ಹಾಕಲು ಬಂದವರ ಕೈ ಹಿಡಿದುಕೊಳ್ಳುವುದು ಅನ್ನಿ. 2003ರಲ್ಲಿ ಇದನ್ನು ತೋರಿಸಿದರು. ಇಲಿಯ ಬ್ಯಾಕ್ಸ್ ಅನ್ನುವ ಕೋಶ ಸಾಯಿಸುವ ಪ್ರೋಟೀನನ್ನು ಎಲೆಯಲ್ಲಿ ಹಾಕಿದರೂ ಇದು ತಡೆಯಿತು. ಬ್ರೆಡ್ ಉಬ್ಬಿಸುವ ಯೀಸ್ಟಿನಲ್ಲಿ ಹಾಕಿದರೆ ಅಲ್ಲೂ ಸಾವು ತಡೆಯಿತು! ಟೊಮೆಟೊ ರೋಗದ ಬ್ಯಾಕ್ಟೀರಿಯಾ ಯೀಸ್ಟನ್ನು ಕಂಡೇ ಇಲ್ಲ. ಅಂದರೆ ಕೋಶ ಸಾಯುವ ಯಂತ್ರದಲ್ಲಿ ಎಲ್ಲೋ ಬಹಳ ಹಳೆಯ, ಎಲ್ಲರಿಗೂ ಒಂದೇ ಆದ ತಿರುಪು ಇದೆ.

ಇದಕ್ಕೂ ಟೊಮೆಟೊ ಉತ್ತರ ಕಂಡುಕೊಂಡಿದೆ. ಕಾಡು ಟೊಮೆಟೊದಲ್ಲಿ ಪಿಟಿಒ ಅನ್ನುವ ಜೀನ್ ಇದೆ, 1993ರಲ್ಲಿ ಪತ್ತೆಯಾಯಿತು. ಅದು ಕೈ ಹಿಡಿಯಲು ಬಂದ ಇದೇ ಪ್ರೋಟೀನನ್ನು ಗುರುತು ಹಿಡಿದು ಕಿರುಚುತ್ತೆ. ಕಳ್ಳ ನಾಯಿಗೆ ಹಾಕಿದ ಬಿಸ್ಕೆಟ್ಟೇ ಕಳ್ಳನನ್ನು ಹಿಡಿದುಕೊಟ್ಟ ಹಾಗೆ.

ಅಂಜಲಿ_ಪಿಯುಸಿ
ಕೋಶ ಕಿರುಚಿದ ಮೇಲೆ ನಿಜವಾಗಿ ಸಾಯುವುದು ಹೇಗೆ? ಪರೀಕ್ಷೆಗಲ್ಲ, ಸುಮ್ನೆ ಕೇಳಿದ್ದು.

ಬೆಂಚ್_ಮೇಲಿನ_ಭೂತ
ತೂತು ಬಿದ್ದು. ಎಲೆಕೋಸಿಗೆ ಕಪ್ಪು ಕೊಳೆ ತರುವ ಜಾಂಥೊಮೊನಾಸ್ ಬ್ಯಾಕ್ಟೀರಿಯಾ ಇದೆಯಲ್ಲ, ಅದು ಚುಚ್ಚುವ ಒಂದು ಪ್ರೋಟೀನ್ ಅರಬಿಡಾಪ್ಸಿಸ್ ಕೋಶದಲ್ಲಿ ಏನನ್ನೋ ಕೆಡಿಸುತ್ತೆ. ಕೆಟ್ಟಿದ್ದನ್ನು ಜ಼ಾರ್1 ಅನ್ನುವ ಕಾವಲು ಪ್ರೋಟೀನ್ ಗಮನಿಸುತ್ತೆ. ಆಗ ಅಂಥವು ಐದು ಸೇರಿ ಗಾಲಿಯಂತೆ ಜೋಡಿಸಿಕೊಂಡು ಕೋಶದ ಪೊರೆಗೆ ನಾಟಿಕೊಳ್ಳುತ್ತವೆ. 2019ರಲ್ಲಿ ಚೀನಾದ ವಿಜ್ಞಾನಿಗಳು ಅದರ ಚಿತ್ರ ತೆಗೆದರು. ಆ ಗಾಲಿಯ ನಡುವಿನಿಂದ ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ ಅಂತ ಆಮೇಲೆ ಗೊತ್ತಾಯಿತು. ಅಲ್ಲಿಗೆ ಕೋಶದ ಆಟ ಮುಗಿಯಿತು.

ನಮ್ಮ ದೇಹದ ಕೋಶಗಳೂ ಹೀಗೆ ಬೇಕೆಂದೇ ಸಾಯುತ್ತವೆ. ಹೊಟ್ಟೆಯಲ್ಲಿದ್ದಾಗ ನಿನ್ನ ಬೆರಳುಗಳ ನಡುವೆ ಬಾತುಕೋಳಿಯ ಕಾಲಿನಂತೆ ಚರ್ಮ ಇತ್ತು. ಆ ಕೋಶಗಳು ಸತ್ತಿದ್ದರಿಂದ ಬೆರಳು ಬಿಡಿಬಿಡಿ ಆಯಿತು.

ಬದುವಿನ_ಬೇವು
ನಮ್ಮ ಭಾವನಿಗೆ ಕಾಲಿನ ಎರಡು ಬೆರಳು ಇನ್ನೂ ಅಂಟಿಕೊಂಡೇ ಇವೆ. ಮನೆಯಲ್ಲಿ ಅದು ಅದೃಷ್ಟ ಅಂತಾರೆ

ಸೀತಾಳೆ
ಹಲ್ಲಿ ಬಾಲ ಬಿಟ್ಟು ಓಡಿಹೋಗುವುದೂ ಇದೇ ಅಲ್ವಾ?

ತುಮಕೂರು_ಮೇಷ್ಟ್ರು
ಲೆಕ್ಕ ಅದೇ ತಾಯಿ, ಸ್ವಲ್ಪ ಕೊಟ್ಟು ಉಳಿದದ್ದು ಉಳಿಸಿಕೊಳ್ಳುವುದು. ಆದರೆ ಹಲ್ಲಿಯ ಬಾಲ ಮುರಿಯುವುದು, ಕೋಶ ಒಳಗಿನಿಂದ ಸಾಯುವುದಲ್ಲ.

ಇನ್ನೊಂದು ಕಡೆಯೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದು ಬರೀ ಹೊಗಳಿಕೆಯಾಗುತ್ತೆ. ಸತ್ತ ಕೋಶವನ್ನೇ ತಿನ್ನುವ ಬೂಷ್ಟುಗಳಿವೆ. ಅವಕ್ಕೆ ಈ ಬೆಂಕಿ ರೇಖೆ ಅಂದರೆ ಹಬ್ಬದೂಟ. ಅಮೆರಿಕದಲ್ಲಿ 1940ರ ದಶಕದಲ್ಲಿ ತುಕ್ಕು ರೋಗ ತಡೆಯುತ್ತೆ ಅಂತ ಓಟ್ಸ್‌ಗೆ ಒಂದು ತಳಿಯ ಗುಣ ಸೇರಿಸಿದರು. ತುಕ್ಕು ನಿಂತಿತು. ಅದರ ಬೆನ್ನಿಗೇ ಹೊಸ ಅಂಗಮಾರಿ ಬಂತು, 1946ರಲ್ಲಿ ವರದಿಯಾಯಿತು. ಆ ಬೂಷ್ಟು ತನ್ನ ವಿಷದಿಂದ ಅದೇ ಗುಣವನ್ನು ಮೀಟಿ, ಗಿಡವೇ ತನ್ನ ಕೋಶ ಸಾಯಿಸಿಕೊಳ್ಳುವಂತೆ ಮಾಡಿ, ಸತ್ತಿದ್ದನ್ನು ತಿನ್ನುತ್ತಿತ್ತು. ಜಾಸ್ತಿ ಬೊಗಳುವ ನಾಯಿ ಸಾಕಿದರೆ ಕೆಲವೊಮ್ಮೆ ಹೀಗೂ ಆಗುತ್ತೆ.

ಬಿಳಿಜೋಳ
ಇದು ಯಾರೂ ಅಂಗಡಿಯಲ್ಲಿ ಹೇಳುವುದಿಲ್ಲ ನೋಡಿ.

ಗಂಗಾವತಿ_ಬೀಜ
ಎಲ್ಲ ಓದಿದೆ. ಪ್ರೋಟೀನ್ ಬಾಟಲಿ ಬಿಡಿ, ಭತ್ತಕ್ಕೆ ಬೇರೆ ದಾರಿ ಇದೆ. ಸುಧಾರಿತ ಸಾಂಬಾ ಮಸೂರಿ ಅಂತ ತಳಿ, ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಮತ್ತು ಅಲ್ಲಿನ ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿ ಸೇರಿ 2008ರಲ್ಲಿ ಬಿಡುಗಡೆ ಮಾಡಿದ್ದು. ನಮ್ಮ ಬಿಪಿಟಿಯೇ, ಕಾಳು ಅದೇ ಸಣ್ಣ, ಅನ್ನವೂ ಅದೇ. ದುಂಡಾಣು ಅಂಗಮಾರಿ ತಡೆಯುವ ಮೂರು ಜೀನ್ ಸೇರಿಸಿದ್ದಾರೆ. ಕುಲಾಂತರಿ ಅಲ್ಲ, ಮಾಮೂಲಿ ಸಂಕರಣದಿಂದಲೇ ತಂದಿದ್ದು. ಬಿಳಿಜೋಳ ಅಣ್ಣ ಹೆದರಬೇಕಿಲ್ಲ.

ಎಡದಂಡೆ_ಗದ್ದೆ
ಆ ಮೂರು ಜೀನೂ ಕೋಶ ಸಾಯಿಸುವವೇ?

ಲ್ಯಾಬ್_ಕೋಟು
ಇಲ್ಲ, ಅದೇ ಚೆಂದ. ಮೂರೂ ಬೇರೆ ಬೇರೆ ಉಪಾಯ.

ಎಕ್ಸ್‌ಎ21 ಕೋಶದ ಹೊರಬಾಗಿಲಲ್ಲಿ ನಿಂತ ಕಾವಲುಗಾರ. ಆಫ್ರಿಕಾದ ಮಾಲಿ ದೇಶದ ಕಾಡು ಭತ್ತದಿಂದ ಬಂದದ್ದು, 1995ರಲ್ಲಿ ಜೀನ್ ಹಿಡಿದರು. ಅದು ಬ್ಯಾಕ್ಟೀರಿಯಾದ ಯಾವ ಪ್ರೋಟೀನನ್ನು ಗುರುತಿಸುತ್ತೆ ಅಂತ ಮೊದಲು ಒಂದು ಉತ್ತರ ಕೊಟ್ಟಿದ್ದರು. ಆಮೇಲೆ ತಮ್ಮ ಲ್ಯಾಬಿನಲ್ಲೇ ತಪ್ಪಾಗಿದೆ ಅಂತ ಗೊತ್ತಾಗಿ 2013ರಲ್ಲಿ ಪ್ರಬಂಧ ತಾವೇ ವಾಪಸ್ ತಗೊಂಡರು. 2015ರಲ್ಲಿ ಸರಿಯಾದದ್ದು ಸಿಕ್ಕಿತು, ರ‍್ಯಾಕ್ಸ್‌ಎಕ್ಸ್ ಅಂತ.

ಎಕ್ಸ್‌ಎ13 ಇನ್ನೂ ಮಜಾ. ಬ್ಯಾಕ್ಟೀರಿಯಾ ಚುಚ್ಚುವ ಒಂದು ಪ್ರೋಟೀನ್ ಭತ್ತದ ಡಿಎನ್‌ಎ ಮೇಲೆ ಹೋಗಿ ಕೂತು ಸಕ್ಕರೆಯ ತೂಬು ಎತ್ತುತ್ತೆ. ಕೋಶದ ಸಕ್ಕರೆ ಹೊರಗೆ ಹರಿದು ಬ್ಯಾಕ್ಟೀರಿಯಾಗೆ ಊಟ. ಎಕ್ಸ್‌ಎ13 ಇರುವ ಭತ್ತದಲ್ಲಿ ಆ ತೂಬಿನ ಬೀಗವೇ ಬೇರೆ, ಕಳ್ಳನ ಕೀಲಿ ಕೂರುವುದಿಲ್ಲ. ಯಾರೂ ಸಾಯುವುದಿಲ್ಲ, ಕಳ್ಳ ಉಪವಾಸ ಅಷ್ಟೇ. ಎಕ್ಸ್‌ಎ5 ಅದೇ ಕೀಲಿ ತಿರುಗಿಸಲು ಬೇಕಾದ ಸಹಾಯಕ ಕೊಂಚ ಬದಲಾಗಿರುವುದು.

ಇದರ ತಲೆಕೆಳಗು ಕಥೆ ದೊಣ್ಣೆಮೆಣಸಿನಕಾಯಿಯಲ್ಲಿದೆ. ಅಲ್ಲಿ ಬಿಎಸ್3 ಅನ್ನುವ ಜೀನ್ ಮುಂದೆ ಕಳ್ಳನ ಕೀಲಿಗೆ ಸರಿಹೊಂದುವ ಬೀಗವೇ ಇದೆ. ಆದರೆ ಬಾಗಿಲು ತೆಗೆದರೆ ಊಟ ಇಲ್ಲ, ಕೋಶ ಸಾಯುತ್ತೆ! 2007ರಲ್ಲಿ ಇದು ಗೊತ್ತಾದಾಗ ನಮ್ಮ ಮೇಷ್ಟ್ರು ಇಲಿ ಬೋನಿಗೆ ಹೋಲಿಸಿದ್ದರಂತೆ.

ಸಿಂಧನೂರು_ಶಿವು
ಈಗ ಅರ್ಥ ಆಯಿತು. ತೂಬು ಎತ್ತುವವರು ನಮ್ಮ ಕಾಲುವೆ ಮೇಲೂ ಇದ್ದಾರೆ, ರಾತ್ರಿ ಎರಡು ಗಂಟೆಗೆ. ಅವರಿಗೂ ಇಂಥ ಬೀಗ ಮಾಡಿ ಕೊಡಿ.

ಕೊಪ್ಪಳ_ಅಜ್ಜ
ಶಿವು, ಆ ಜಗಳ ಇಲ್ಲಿ ಬೇಡ 🙏

ಎಡದಂಡೆ_ಗದ್ದೆ
ಕಡೆಗೆ ಹೇಳಿ, ಬಾಟಲಿ ಹೊಡೆಯಲೋ ಬೇಡವೋ?

ಲ್ಯಾಬ್_ಕೋಟು
ನನ್ನ ಅಭಿಪ್ರಾಯ. ಒಳಗೆ ನಿಜವಾಗಿ ಹಾರ್ಪಿನ್ ಇದ್ದರೂ ಈಗ ಹೊಡೆದು ಉಪಯೋಗ ಇಲ್ಲ. ಡಂಗುರ ಸಾರುವುದು ಕಳ್ಳ ಬರುವ ಮುಂಚೆ. ರೋಗ ನಾಳಕ್ಕೆ ಇಳಿದ ಗದ್ದೆಯಲ್ಲಿ ಅದು ಔಷಧಿ ಅಲ್ಲ. "ರೋಗ ಹೋಗುತ್ತೆ" ಅಂತ ಅಂಗಡಿಯವರು ಹೇಳಿದ್ದು ಅಷ್ಟು ಮಾತ್ರ ಸುಳ್ಳು. ಒಳಗೆ ಏನಿದೆ, ಎಷ್ಟಿದೆ ಅಂತ ಬರೆಯದ ಬಾಟಲಿಯನ್ನಂತೂ ನಾನು ನಂಬುವುದಿಲ್ಲ. ಯೂರಿಯಾ ನಿಲ್ಲಿಸಿ, ಗದ್ದೆಯ ನೀರು ಬಸಿದು ಕೆಲವು ದಿನ ಆರಲು ಬಿಡಿ, ರೋಗದ ಗದ್ದೆಯ ನೀರು ಪಕ್ಕದ ಗದ್ದೆಗೆ ಬಿಡಬೇಡಿ, ಪೊಟ್ಯಾಶ್ ಕೊಡಿ. ಎಲೆ ತಗೊಂಡು ಗಂಗಾವತಿ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಂದು ಸಲ ಹೋಗಿಬನ್ನಿ, ಹತ್ತಿರವೇ ಇದೆಯಲ್ಲ.

ಕೊಪ್ಪಳ_ಅಜ್ಜ
ಹಸಿ ಸಗಣಿ ತಿಳಿ ಹೊಡೆದರೂ ಸ್ವಲ್ಪ ತಡೆಯುತ್ತೆ. ನಗಬೇಡಿ.

ಲ್ಯಾಬ್_ಕೋಟು
ನಗುವುದಿಲ್ಲ ಅಜ್ಜ, ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಲ್ಲೇ ಇದೆ, ನೂರಕ್ಕೆ ಇಪ್ಪತ್ತರ ತಿಳಿ.

ಬದುವಿನ_ಬೇವು
ನೋಡಿ, ಕೊನೆಗೆ ಎಮ್ಮೆ ಹತ್ತಿರವೇ ಬಂದಿರಿ

ಕೊಪ್ಪಳ_ಅಜ್ಜ
ಎಮ್ಮೆ ಅಲ್ಲ, ಆಕಳು.

ಎಡದಂಡೆ_ಗದ್ದೆ
ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಲೋಟದ ಪರೀಕ್ಷೆ ಮಾಡಿದೆ. ಐದು ನಿಮಿಷ ಏನೂ ಇರಲಿಲ್ಲ, ಆಮೇಲೆ ಹೊಗೆಯ ಹಾಗೆ ಬಿಳಿ ಎಳೆ ಇಳಿಯಿತು, ಮಗಳು "ಅಪ್ಪಾ ಹಾಲು!" ಅಂತ ಕೂಗಿದಳು. ಕೇಂದ್ರಕ್ಕೂ ಹೋಗಿದ್ದೆ, ಅದೇ ಅಂದರು. ನೀರು ಬಸಿದಿದ್ದೇನೆ. ಹಳದಿ ಪಟ್ಟಿ ನಿಂತಿಲ್ಲ, ಆದರೆ ಮೊದಲಿನಷ್ಟು ಓಡುತ್ತಿಲ್ಲ, ಮಳೆ ಬಂದಿಲ್ಲ ಅದಕ್ಕೂ ಇರಬಹುದು.

ಅಂಗಡಿಯವರು ಬಾಟಲಿ ವಾಪಸ್ ತಗೊಳ್ಳಲಿಲ್ಲ. "ಉದ್ರಿಗೆ ಒಯ್ದಿದ್ದು ವಾಪಸ್ ಇಲ್ಲ" ಅಂದರು. ದುಡ್ಡಂತೂ ಹೋಯಿತು, ಬೇಸಿಗೆ ಬೆಳೆಯ ಸಸಿಮಡಿಯಲ್ಲಿ ಹೊಡೆದು ನೋಡುತ್ತೇನೆ. ಅಲ್ಲಿ ಕಳ್ಳ ಇನ್ನೂ ಬಂದಿರುವುದಿಲ್ಲವಲ್ಲ.

ಲ್ಯಾಬ್_ಕೋಟು
ಹೊಡೆಯುವುದಾದರೆ ಅರ್ಧ ಮಡಿಗೆ ಮಾತ್ರ ಹೊಡೆಯಿರಿ ಅಣ್ಣ. ಇನ್ನರ್ಧಕ್ಕೆ ಅದೇ ದಿನ ಬರೀ ನೀರು. ನಡುವೆ ಗುರುತು ಇಡಿ. ಇಲ್ಲದಿದ್ದರೆ ರೋಗ ಬರದಿದ್ದರೆ ಬಾಟಲಿಯಿಂದಲೋ ಹವೆಯಿಂದಲೋ ಯಾರಿಗೂ ಗೊತ್ತಾಗುವುದಿಲ್ಲ. ಮತ್ತೆ ನಲ್ಲಿಯ ಕ್ಲೋರಿನ್ ನೀರು ಬೇಡ, ಅದರಲ್ಲಿ ಹಾರ್ಪಿನ್ ಕೆಡುತ್ತೆ. ಬೆರೆಸಿದ ಮೇಲೆ ಇಡಬೇಡಿ, ಆಗಲೇ ಹೊಡೆಯಿರಿ.

ಗಂಗಾವತಿ_ಬೀಜ
ಸಸಿಮಡಿಗೆ ಹಾಕುವ ಬೀಜವೇ ಬದಲಾಯಿಸಿ ಅಂತ ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ ಅನ್ನಿಸುತ್ತೆ.

ಎಡದಂಡೆ_ಗದ್ದೆ
ಬಿದ್ದಿದೆ ಅಣ್ಣ, ಒಂದು ಎಕರೆಗೆ ಆಗುವಷ್ಟು ಕೇಳಿಟ್ಟಿದ್ದೇನೆ.

ಎಡದಂಡೆ_ಗದ್ದೆ
ತಡವಾಗಿ ಬರೆಯುತ್ತಿದ್ದೇನೆ, ಬೇಸಿಗೆ ಸಸಿಮಡಿ ಹಾಕಿ ಆಯಿತು. ಹೇಳಿದ ಹಾಗೆ ಅರ್ಧಕ್ಕೆ ಬಾಟಲಿ, ಅರ್ಧಕ್ಕೆ ನೀರು. ಗುರುತಿಗೆ ನಡುವೆ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದೆ. ಅಪ್ಪ ಅದನ್ನು ದೃಷ್ಟಿಗೆ ಕಟ್ಟಿದ್ದು ಅಂತ ತಿಳಿದು ಜೊತೆಗೆ ಒಂದು ಹಳೇ ಚಪ್ಪಲಿಯನ್ನೂ ನೇತುಹಾಕಿದ್ದಾರೆ. ತೆಗೆಯಲು ಬಿಡುತ್ತಿಲ್ಲ.

ಲ್ಯಾಬ್_ಕೋಟು
ಚಪ್ಪಲಿ ಯಾವ ಅರ್ಧದ ಕಡೆ ಇದೆ? ಬರೆದಿಟ್ಟುಕೊಳ್ಳಿ.